ಸ್ಯಾಟ್ ಬರೆಯುವುದು ಬೇರೆ, ಸ್ಕೋರ್ ಕಳಿಸುವುದು ಬೇರೆ

"ಸಾರ್, ಕಾಲೇಜಿನ ವೆಬ್‌ಸೈಟಲ್ಲೇ ಸ್ಯಾಟ್ ಕಡ್ಡಾಯ ಅಲ್ಲ ಅಂತ ಹಾಕಿದ್ದಾರೆ. ಮಗನಿಗೆ ಹೆಂಗೂ ಸಿಇಟಿ, ಜೆಇಇ ಓದು ಇದೆ. ಇದೊಂದು ಯಾಕೆ ಸುಮ್ನೆ?" ಮಕ್ಕಳನ್ನು ಡಿಗ್ರಿಗೆ ಅಮೆರಿಕಕ್ಕೆ ಕಳಿಸಬೇಕು ಅಂತ ನನ್ನ ಹತ್ತಿರ ಬರುವ ಅಪ್ಪ ಅಮ್ಮಂದಿರು ಪ್ರತಿ ವರ್ಷ ಇದೇ ಮಾತು ಹೇಳುತ್ತಾರೆ. ಪ್ರತಿ ವರ್ಷ ಇದೇ ಉತ್ತರ ಹೇಳಿ ನನಗೂ ಸಾಕಾಗಿದೆ.

ಸ್ಯಾಟ್ ಅಂದರೆ ಅಮೆರಿಕದ ಕಾಲೇಜುಗಳು ಡಿಗ್ರಿ ಪ್ರವೇಶಕ್ಕೆ ನೋಡುವ ಪರೀಕ್ಷೆ, ಗಣಿತಕ್ಕೆ 800, ಇಂಗ್ಲಿಷಿಗೆ 800, ಒಟ್ಟು 1600. ಇಲ್ಲಿ ತೀರ್ಮಾನ ಎರಡು. ಪರೀಕ್ಷೆ ಬರೆಯಬೇಕಾ ಅನ್ನುವುದು ಒಂದು. ಬಂದ ಸ್ಕೋರನ್ನು ಯಾವ ಕಾಲೇಜಿಗೆ ಕಳಿಸಬೇಕು ಅನ್ನುವುದು ಇನ್ನೊಂದು. ಮೊದಲನೆಯದನ್ನು ಈಗ ಯೋಚಿಸಿ, ಎರಡನೆಯದನ್ನು ಸ್ಕೋರ್ ಬಂದ ಮೇಲೆ. ಸ್ಕೋರ್ ಚೆನ್ನಾಗಿಲ್ಲದಿದ್ದರೆ ಕಳಿಸಬೇಡಿ, ಎಲ್ಲ ಸ್ಕೋರ್ ಕೇಳುವ ಕೆಲವು ಕಾಲೇಜು ಬಿಟ್ಟರೆ ನೀವು ಬರೆದಿದ್ದೇ ಅವರಿಗೆ ಗೊತ್ತಾಗುವುದಿಲ್ಲ. ಬರೆಯದೇ ಇದ್ದರೆ? ಅಕ್ಟೋಬರಿನಲ್ಲಿ ಮಗ ಪಟ್ಟಿಗೆ ಇನ್ನೆರಡು ಕಾಲೇಜು ಸೇರಿಸಿದಾಗ ಕೈಯಲ್ಲಿ ಏನೂ ಇರುವುದಿಲ್ಲ. ಸೇರಿಸೇ ಸೇರಿಸುತ್ತಾನೆ, ನೋಡಿ.

ಕೋವಿಡ್ ಸಮಯದಲ್ಲಿ ಬಹುತೇಕ ಕಾಲೇಜುಗಳು ನಿಯಮ ಸಡಿಲ ಮಾಡಿದ್ದು ನಿಜ. ಆದರೆ ಎಂಐಟಿ 2022ರಲ್ಲೇ ಮತ್ತೆ ಕಡ್ಡಾಯ ಅಂದಿತು. 2024ರಲ್ಲಿ ಡಾರ್ಟ್‌ಮತ್, ಬ್ರೌನ್, ಹಾರ್ವರ್ಡ್, ಕ್ಯಾಲ್‌ಟೆಕ್ ಕೂಡ ಅದೇ ದಾರಿ ಹಿಡಿದವು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ್ದು ಇದಕ್ಕೆ ತದ್ವಿರುದ್ಧ: ಬರ್ಕ್ಲಿ ಆಗಲಿ ಲಾಸ್ ಏಂಜಲೀಸ್ ಆಗಲಿ, ಪ್ರವೇಶಕ್ಕೆ ಸ್ಯಾಟ್ ಸ್ಕೋರ್ ಲೆಕ್ಕಕ್ಕಿಲ್ಲ. ನಿಮ್ಮ ಪಟ್ಟಿಯಲ್ಲಿ ಅವು ಮಾತ್ರ ಇದ್ದರೆ ಸ್ಯಾಟ್ ಬೇಡ, ಅಷ್ಟೇ. ನಿಯಮ ಬದಲಾಗುತ್ತಲೇ ಇರುತ್ತದೆ, ಅರ್ಜಿ ಹಾಕುವ ವರ್ಷ ಕಾಲೇಜಿನ ಪುಟವನ್ನೇ ನೋಡಿ. ನನ್ನ ಮಾತನ್ನೂ ನಂಬಿ ಕೂರಬೇಡಿ.

ಬರೆದವರು ಮಾಡುವ ತಪ್ಪು ಬೇರೆ ಥರ. ದಾವಣಗೆರೆ ಕಡೆಯ ಒಬ್ಬ ಹುಡುಗಿಗೆ 1410 ಬಂತು, ಗಣಿತದಲ್ಲಿ 770, ಇಂಗ್ಲಿಷಿನಲ್ಲಿ 640. ಅವಳಿಗೆ ಇಷ್ಟವಾಗಿದ್ದ ಕಾಲೇಜಿನ ರೇಂಜ್, ಅಂದರೆ ಅಲ್ಲಿ ಸೇರಿದವರ ಸ್ಕೋರ್ ಇಷ್ಟರಿಂದ ಇಷ್ಟು ಅಂತ ಕಾಲೇಜು ಹಾಕುವ ಲೆಕ್ಕ, 1450ರಿಂದ ಶುರು. "ಕಡಿಮೆ ಆಯ್ತಲ್ಲ ಸಾರ್, ಕಳಿಸೋದು ಬೇಡ" ಅಂತ ಅವಳ ಅಪ್ಪ ಪಟ್ಟು ಹಿಡಿದರು. ಆ ರೇಂಜ್ ಸ್ಕೋರ್ ಕೊಟ್ಟವರದ್ದು ಮಾತ್ರ, ಸೇರಿದ ಎಲ್ಲರದ್ದಲ್ಲ. ಮದುವೆ ಮನೆಯಲ್ಲಿ ಮಕ್ಕಳ ಮಾರ್ಕ್ಸ್ ವಿಷಯ ಬಂದರೆ ತೊಂಬತ್ತು ದಾಟಿದವರ ಮನೆಯವರೇ ಬಾಯಿ ಬಿಡುವುದು, ಅಲ್ವಾ? ಕಾಲೇಜಿನ ಹೆಸರಿನ ಜೊತೆ 'ಕಾಮನ್ ಡೇಟಾ ಸೆಟ್' ಅಂತ ಹುಡುಕಿ, ಅದು ಕಾಲೇಜೇ ಹಾಕುವ ಅಂಕಿ-ಅಂಶದ ಪಟ್ಟಿ, ಅದರಲ್ಲಿ ಸಿ9 ಅನ್ನುವ ಭಾಗ ತೆಗೆಯಿರಿ. ಶೇಕಡ ಎಷ್ಟು ಜನ ಸ್ಕೋರ್ ಕೊಟ್ಟಿದ್ದಾರೆ ಅಂತ ಅಲ್ಲೇ ಇರುತ್ತದೆ. ಅದು 30 ಅಂತಿದ್ದರೆ, ಉಳಿದ 70 ಜನರ ಬಗ್ಗೆ ಆ ರೇಂಜ್ ಏನೂ ಹೇಳುತ್ತಿಲ್ಲ ಅಂತ ತಿಳಿಯಿರಿ.

ಡಾರ್ಟ್‌ಮತ್‌ನ ಸಂಶೋಧಕರೇ ತಮ್ಮ ಅರ್ಜಿಗಳನ್ನು ನೋಡಿದಾಗ, ಅನುಕೂಲ ಕಡಿಮೆ ಇರುವ ಮಕ್ಕಳು ತಮಗೆ ಸಹಾಯ ಆಗುತ್ತಿದ್ದ ಸ್ಕೋರನ್ನೇ ಮುಚ್ಚಿಟ್ಟಿದ್ದು ಕಂಡಿತು. ಅದನ್ನು ನಮ್ಮ ಮಕ್ಕಳಿಗೆ ಹಾಗೇ ಹೊಂದಿಸಿ ಹೇಳಲಾರೆ. ಆದರೆ ಜಿಲ್ಲಾ ಕೇಂದ್ರದ ಪಿಯು ಕಾಲೇಜಿನ 96 ಪರ್ಸೆಂಟ್ ಅಂದರೆ ಎಷ್ಟು ತೂಕ ಅಂತ ಅಲ್ಲಿ ಅರ್ಜಿ ಓದುವವರಿಗೆ ಗೊತ್ತಿರಲೇಬೇಕು ಅಂತೇನಿಲ್ಲ. 770 ಅಂದರೆ ಏನು ಅಂತ ಖಂಡಿತ ಗೊತ್ತಿರುತ್ತದೆ. ಕೊನೆಗೆ ಆ ದಾವಣಗೆರೆ ಹುಡುಗಿಯ ಸ್ಕೋರ್ ಕಳಿಸಿದೆವು, ಸೀಟೂ ಸಿಕ್ಕಿತು. ಸ್ಕೋರಿನಿಂದಲೇ ಸಿಕ್ಕಿತು ಅಂತ ಹೇಳುವ ಹಾಗಿಲ್ಲ. ಅರ್ಜಿಯ ಜೊತೆ ಅವಳು ಬರೆದ ಪ್ರಬಂಧ ತುಂಬಾ ಚೆನ್ನಾಗಿತ್ತು.

ಕೋಚಿಂಗಿಗೆ ದುಡ್ಡು ಕಟ್ಟುವ ಮೊದಲು ಒಂದು ಕೆಲಸ ಮಾಡಿ. ಸ್ಯಾಟ್ ಬರೆಯುವ ಬ್ಲೂಬುಕ್ ಆ್ಯಪ್ ಉಚಿತ, ಅದರಲ್ಲಿ ಪೂರ್ತಿ ಅಭ್ಯಾಸ ಪರೀಕ್ಷೆಗಳಿವೆ. ಫಸ್ಟ್ ಪಿಯು ಮುಗಿದ ರಜೆಯಲ್ಲಿ ಒಂದು ಭಾನುವಾರ ಮಗುವನ್ನು 2 ಗಂಟೆ 14 ನಿಮಿಷ ಕೂರಿಸಿ. ಫೋನ್ ಪಕ್ಕದ ರೂಮಿನಲ್ಲಿರಲಿ. 1300ರ ಆಸುಪಾಸು ಬಂದರೆ ಆಗಸ್ಟ್ ಪರೀಕ್ಷೆಗೆ ಹೆಸರು ಹಾಕಿ, ಬೇಕಿದ್ದರೆ ಅಕ್ಟೋಬರಿನಲ್ಲಿ ಇನ್ನೊಮ್ಮೆ. ಎರಡು ಮೂರು ಸಲ ಕೂತರೂ 1100 ದಾಟದೇ ಇದ್ದರೆ, ಬೋರ್ಡ್ ಪರೀಕ್ಷೆಯೂ ತಲೆ ಮೇಲಿದ್ದರೆ, ಬಿಟ್ಟುಬಿಡಿ. ಆ ಸಮಯ ಪಿಯು ಮಾರ್ಕ್ಸಿಗೆ, ಪ್ರಬಂಧಕ್ಕೆ ಹೋಗಲಿ. ಆಗ ನಿಮ್ಮ ಹುಡುಗನಿಗೆ ಸ್ಯಾಟ್ ಬೇಡ ಅಂತ ನಾನೇ ಹೇಳುತ್ತೇನೆ.