ಜೀಪಿನ ಮುಂದಿನ ಕಬ್ಬಿಣದ ಗಾರ್ಡ್: ಪೆಟ್ಟು ಯಾರಿಗೆ?

ಪ್ರಶ್ನೆ: ಗೋಣಿಕೊಪ್ಪಲಿನ ಹತ್ತಿರ ನಮ್ಮ ಕಾಫಿ ತೋಟವಿದೆ. ರಾತ್ರಿ ಕಾಡುಹಂದಿ, ದನ ಅಡ್ಡ ಬರುತ್ತವೆ. ಎಸ್‌ಯುವಿಗೆ ಗಾರ್ಡ್ ಹಾಕಿಸಿದರೆ ದಾರಿಯಲ್ಲಿ ನಡೆಯುವವರಿಗೆ ಅಪಾಯ ಹೆಚ್ಚುತ್ತದೆಯೇ? ವೇಗ ಒಂದೇ ಆಗಿದ್ದರೆ ಯಾವ ಗಾಡಿ ಬಡಿದರೂ ಪೆಟ್ಟು ಒಂದೇ ಅಲ್ಲವೇ?

ಒಂದೇ ಅಲ್ಲ. ಗಾರ್ಡ್ ಖಂಡಿತ ಬೇಡ.

ತಗ್ಗಿನ ಮೂತಿಯ ಕಾರು ಬಡಿದರೆ ಬಂಪರ್ ಸಾಮಾನ್ಯವಾಗಿ ಮೊಣಕಾಲಿನ ಆಸುಪಾಸಿಗೆ ತಗಲುತ್ತದೆ. ಕಾಲು ಮುರಿಯಬಹುದು, ಆದರೆ ದೇಹ ಬಾನೆಟ್ಟಿನ ಮೇಲೆ ಉರುಳುತ್ತದೆ. ಬಾನೆಟ್ಟಿನ ತಗಡಿಗೂ ಕೆಳಗಿನ ಎಂಜಿನ್ನಿಗೂ ನಡುವೆ ಜಾಗವಿದ್ದರೆ ತಗಡು ತಗ್ಗಾಗಿ ತಲೆಗೆ ಬೀಳುವ ಹೊಡೆತವನ್ನು ಒಂದಿಷ್ಟು ನುಂಗುತ್ತದೆ. ಗಾಜಿನ ಅಕ್ಕಪಕ್ಕದ ಕಂಬಗಳಿಗೆ ಆ ಗುಣವಿಲ್ಲ.

ಎತ್ತರದ, ಗೋಡೆಯಂತೆ ನೆಟ್ಟಗಿರುವ ಮೂತಿಯಾದರೆ ಹೊಡೆತ ಸೊಂಟಕ್ಕೋ ಎದೆಗೋ ಬೀಳುತ್ತದೆ, ಮಕ್ಕಳಿಗೆ ನೇರ ತಲೆಗೇ. ದೇಹ ಮೇಲಕ್ಕೆ ಉರುಳದೆ ಮುಂದಕ್ಕೆ ನೂಕಿಸಿಕೊಂಡು ರಸ್ತೆಗೆ ಬೀಳುತ್ತದೆ, ಚಕ್ರದಡಿ ಸಿಗುವ ಭಯವೂ ಇದೆ. ಅಮೆರಿಕದ ಹೆದ್ದಾರಿ ಸುರಕ್ಷತಾ ವಿಮಾ ಸಂಸ್ಥೆ 2023ರಲ್ಲಿ ಸುಮಾರು 18,000 ಪಾದಚಾರಿ ಅಪಘಾತಗಳನ್ನು ಪರಿಶೀಲಿಸಿತು. ಬಾನೆಟ್ಟಿನ ಮುಂಭಾಗ 40 ಇಂಚಿಗಿಂತ ಎತ್ತರವಿದ್ದ ವಾಹನಗಳಿಂದ ಸಾವಿನ ಸಂಭವ, 30 ಇಂಚಿನೊಳಗಿನ ಇಳಿಜಾರು ಮೂತಿಯವುಗಳಿಗಿಂತ ಸುಮಾರು ಶೇ 45ರಷ್ಟು ಹೆಚ್ಚೆಂದು ಕಂಡಿತು.

ಇನ್ನು ಗಾರ್ಡ್. ಇಂದಿನ ಬಂಪರ್ ಪ್ಲಾಸ್ಟಿಕ್ಕಿನದು, ಎಷ್ಟೋ ಕಾರುಗಳಲ್ಲಿ ಅದರೊಳಗೆ ಫೋಮ್ ಇರುತ್ತದೆ. ಅದು ಮುರಿಯುವುದು ಕಳಪೆ ಕೆಲಸದಿಂದಲ್ಲ, ಮುರಿದು ಕಾಲನ್ನು ಉಳಿಸಲೆಂದೇ. ಅದರ ಮುಂದೆ ಬಗ್ಗದ ಪೈಪು ನಿಲ್ಲಿಸಿದರೆ ಅಷ್ಟೂ ಹೊಡೆತ ಮನುಷ್ಯನ ಮೂಳೆಗೆ ಹೋಗುತ್ತದೆ. ಏರ್‌ಬ್ಯಾಗಿನ ಸೆನ್ಸರ್‌ಗಳ ಲೆಕ್ಕವನ್ನೂ ಅದು ತಪ್ಪಿಸಬಹುದು, ಅಂದರೆ ಒಳಗೆ ಕುಳಿತ ನಿಮಗೂ ಕ್ಷೇಮವಲ್ಲ. ಇಂಥ ಗಾರ್ಡ್‌ಗಳ ಮೇಲೆ ಕ್ರಮ ಕೈಗೊಳ್ಳುವಂತೆ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ರಾಜ್ಯಗಳಿಗೆ ಸೂಚಿಸಿದೆ.

ಕೊಡಗಿನಲ್ಲಿ ಇದು ಇನ್ನೂ ಗಂಭೀರ. ನಮ್ಮ ಎಷ್ಟೋ ರಸ್ತೆಗಳಲ್ಲಿ ಒಂದು ಕಡೆ ಕಡಿದಾದ ಮಣ್ಣಿನ ಬರೆ, ಇನ್ನೊಂದು ಕಡೆ ಚರಂಡಿ. ಮಳೆಗಾಲದಲ್ಲಿ ಕೊಡೆ ಹಿಡಿದು ಶಾಲೆಗೆ ಹೋಗುವ ಮಕ್ಕಳಿಗೆ, ಸಂಜೆ ಲೈನ್ ಮನೆಗೆ ಮರಳುವ ತೋಟದ ಕಾರ್ಮಿಕರಿಗೆ ಸರಿದು ನಿಲ್ಲಲು ಜಾಗವೇ ಇಲ್ಲ.

ಹಂದಿಯ ಭಯಕ್ಕೆ ಮದ್ದು ವೇಗ ಇಳಿಸುವುದು. ಗಂಟೆಗೆ 50 ಕಿ.ಮೀ. ವೇಗದಲ್ಲಿ ಬಡಿಯುವ ಶಕ್ತಿ 30ರಲ್ಲಿರುವುದರ ಸುಮಾರು 2.8 ಪಟ್ಟು. ಪಾದಚಾರಿಗಳ ರಕ್ಷಣೆಗೆಂದೇ ಇರುವ ನಮ್ಮ ದೇಶದ ಎಐಎಸ್-100 ಮಾನದಂಡದಲ್ಲಿ ಕೃತಕ ತಲೆ, ಕಾಲುಗಳನ್ನು ಬಡಿಸಿ ಕಾರಿನ ಮುಂಭಾಗವನ್ನು ಪರೀಕ್ಷಿಸುತ್ತಾರೆ. ವರ್ಕ್‌ಶಾಪಿನಲ್ಲಿ ಬೆಸುಗೆ ಹಾಕಿಸಿದ ಪೈಪು ಅಂಥ ಯಾವ ಪರೀಕ್ಷೆಯನ್ನೂ ಕಂಡಿರುವುದಿಲ್ಲ. ಹಳೆಯ ಜೀಪಿನಲ್ಲಿ ಈಗಾಗಲೇ ಗಾರ್ಡ್ ಇದ್ದರೆ ದಯವಿಟ್ಟು ಅದನ್ನೂ ಬಿಚ್ಚಿಸಿ.