ಗುಣವಾಯಿತೆಂದು ಡಾಕ್ಟರು ಏಕೆ ಹೇಳುವುದಿಲ್ಲ?

ಪ್ರಶ್ನೆ: ನಮ್ಮ ಯಜಮಾನರಿಗೆ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಆಗಿತ್ತು. ಗ್ರಂಥಿಯ ತಲೆಭಾಗವನ್ನೂ ಅದಕ್ಕಂಟಿದ ಕರುಳು, ಪಿತ್ತನಾಳದ ಭಾಗವನ್ನೂ ತೆಗೆಯುವ ವಿಪಲ್ ಶಸ್ತ್ರಚಿಕಿತ್ಸೆ, ಆರು ತಿಂಗಳ ಕೀಮೋ ಎರಡೂ ಮುಗಿದಿವೆ. ಗುಣವಾಯಿತೇ ಎಂದು ಕೇಳಿದರೆ ಡಾಕ್ಟರು ‘ಸದ್ಯಕ್ಕೆ ಏನೂ ಕಾಣುತ್ತಿಲ್ಲ’ ಎನ್ನುತ್ತಾರೆ. ನಮ್ಮಿಂದ ಏನನ್ನಾದರೂ ಮುಚ್ಚಿಡುತ್ತಿದ್ದಾರೆಯೇ? ತೋಟಕ್ಕೆ ಹೊಸ ಅಡಿಕೆ ಸಸಿ ಹಾಕಿಸಬೇಕೋ ಬೇಡವೋ ಎಂಬುದೂ ತೋಚುತ್ತಿಲ್ಲ.
(ಶಿರಸಿ ತಾಲ್ಲೂಕಿನ ಓದುಗರೊಬ್ಬರು)

ಮುಚ್ಚಿಡುತ್ತಿಲ್ಲ. ಗೊತ್ತಿದ್ದೂ ಹೇಳದಿರುವುದು ಬೇರೆ, ತಿಳಿಯಲು ದಾರಿಯೇ ಇಲ್ಲದಿರುವುದು ಬೇರೆ. ಸ್ಕ್ಯಾನ್‌ನಲ್ಲಿ ಕಾಣುವುದು ಒಂದಿಷ್ಟು ಗಾತ್ರಕ್ಕೆ ಬೆಳೆದ ಗಡ್ಡೆ ಮಾತ್ರ. ಶಸ್ತ್ರಚಿಕಿತ್ಸೆಗೂ ಮೊದಲೇ ರಕ್ತದಲ್ಲಿ ಹರಿದುಹೋಗಿ ಎಲ್ಲೋ ಅಡಗಿರಬಹುದಾದ ಬಿಡಿ ಜೀವಕೋಶಗಳು ಅದಕ್ಕೆ ಸಿಗುವುದಿಲ್ಲ. ಕೀಮೋ ಕೊಟ್ಟದ್ದೇ ಅವುಗಳಿಗಾಗಿ. ಅವೆಲ್ಲ ಸತ್ತವೆಂದು ಖಚಿತವಾಗಿ ಹೇಳುವ ಪರೀಕ್ಷೆ ಇಂದಿಗೂ ಇಲ್ಲ. ಈ ಕಾಯಿಲೆ ಮರುಕಳಿಸುವುದೇ ಹೆಚ್ಚು, ಅದೂ ಬಹುಪಾಲು ಮೊದಲ ಎರಡು ವರ್ಷಗಳಲ್ಲಿ. ನಿಮ್ಮೂರಿನ ಲೆಕ್ಕದಲ್ಲಿ ಒಂದು ಮಾರಿಕಾಂಬೆ ಜಾತ್ರೆಯಿಂದ ಇನ್ನೊಂದರವರೆಗೆ. ಆ ಅವಧಿಯಲ್ಲಿ ಮೂರರಿಂದ ಆರು ತಿಂಗಳಿಗೊಮ್ಮೆ ತಪಾಸಣೆ ಇರುತ್ತದೆ.

ನಿದ್ದೆಗೆಡಿಸುವುದು ಸಿಎ 19-9 ಎಂಬ ರಕ್ತಪರೀಕ್ಷೆ. ಈ ಕ್ಯಾನ್ಸರ್ ಇದ್ದಾಗ ರಕ್ತದಲ್ಲಿ ಹೆಚ್ಚಾಗಿ ಕಾಣುವ ಅದೇ ಹೆಸರಿನ ವಸ್ತುವನ್ನು ಅದು ಅಳೆಯುತ್ತದೆ. ಸಾಮಾನ್ಯವಾಗಿ ಮಿಲಿಲೀಟರಿಗೆ 37 ಯೂನಿಟ್‌ನೊಳಗೆ ಇರಬೇಕು. ಆದರೆ ಪಿತ್ತನಾಳ ಕಟ್ಟಿಕೊಂಡರೂ, ಅಲ್ಲಿ ಸೋಂಕಾದರೂ ಅದು ಏರುತ್ತದೆ. ಕೆಲವರ ದೇಹದಲ್ಲಿ ಹುಟ್ಟಿನಿಂದಲೇ ಅದು ತಯಾರಾಗುವುದಿಲ್ಲ. ಅಂಥವರಿಗೆ ಈ ಸಂಖ್ಯೆಯಿಂದ ಏನೂ ತಿಳಿಯದು. ಡಾಕ್ಟರ ಕಣ್ಣಿಗೆ ಬೀಳುವ ಮೊದಲೇ ವರದಿ ಮೊಬೈಲಿಗೆ ಬರುವ ಕಾಲವಿದು. ಒಂದೇ ವರದಿ ಹಿಡಿದು ರಾತ್ರಿಯಿಡೀ ಕೂರಬೇಡಿ. ಹಿಂದಿನ ಮೂರ್ನಾಲ್ಕನ್ನೂ ಜೋಡಿಸಿ ನೋಡಿದರೇ ಅರ್ಥ ಹೊರಡುವುದು.

ಹೊಟ್ಟೆಯ ಪ್ರತಿ ತೊಂದರೆಯೂ ಕ್ಯಾನ್ಸರ್ ಮರಳಿದ್ದಲ್ಲ. ವಿಪಲ್ ಆದ ಮೇಲೆ ಜೀರ್ಣರಸ ಸಾಲದೆ ಹೊಟ್ಟೆಯುಬ್ಬರ, ಎಣ್ಣೆಯಂತೆ ತೇಲುವ ಮಲ, ತೂಕ ಇಳಿಯುವುದು ಸಾಮಾನ್ಯ. ಕಿಣ್ವದ ಕ್ಯಾಪ್ಸೂಲ್ ಬರೆದುಕೊಟ್ಟಿದ್ದರೆ ಅದನ್ನು ಊಟದ ಜೊತೆಗೇ ನುಂಗಬೇಕು. ಕೈತೊಳೆದ ಮೇಲೆ ನುಂಗುವವರೇ ಹೆಚ್ಚು. ಕಾಮಾಲೆ, ನಡುಕದ ಜ್ವರ, ಬಿಡದ ಬೆನ್ನುನೋವು ಬಂದರೆ ಮಾತ್ರ ತಪಾಸಣೆಯ ದಿನಕ್ಕೆ ಕಾಯಬೇಡಿ. ನಡುಕದ ಜ್ವರವಿದ್ದಾಗ ಹುಬ್ಬಳ್ಳಿಗೋ ಮಣಿಪಾಲಕ್ಕೋ ಹೊರಡುವ ಮೊದಲು ಹತ್ತಿರದ ಆಸ್ಪತ್ರೆಗೆ ಸೇರಿಸಿ. ಡಿಸ್ಚಾರ್ಜ್ ಸಾರಾಂಶದ ಚಿತ್ರ ಮೊಬೈಲಿನಲ್ಲಿರಲಿ.

ಸ್ಕ್ಯಾನ್ ಮತ್ತು ಡಾಕ್ಟರ ಭೇಟಿ ಒಂದೇ ದಿನ ಅಥವಾ ಮಾರನೆಯ ದಿನ ಸಿಗುವಂತೆ ಕೇಳಿಕೊಳ್ಳಿ. ನಡುವೆ ವಾರಗಟ್ಟಲೆ ಕಾಯುವುದು ಸ್ಕ್ಯಾನಿಗಿಂತ ದೊಡ್ಡ ಯಾತನೆ.

ಇನ್ನೊಂದು ಮಾತು. ‘ನಮ್ಮಿಂದ ಮುಚ್ಚಿಡುತ್ತಿದ್ದಾರೆಯೇ’ ಎಂದು ಬರೆದಿದ್ದೀರಿ. ಆ ‘ನಾವು’ ಎಂಬುದರಲ್ಲಿ ನಿಮ್ಮ ಯಜಮಾನರೂ ಇದ್ದಾರೆಯೇ? ನಮ್ಮ ಕಡೆಯ ಮನೆಗಳಲ್ಲಿ ಕಾಯಿಲೆಯ ಹೆಸರನ್ನು ರೋಗಿಯೊಬ್ಬನನ್ನು ಬಿಟ್ಟು ಊರಿಗೆಲ್ಲ ಹೇಳಿರುತ್ತಾರೆ. ಆರು ತಿಂಗಳು ಕೀಮೋ ಹಾಕಿಸಿಕೊಂಡವರಿಗೆ ಅದು ತಿಳಿಯದೇ ಇರುತ್ತದೆಯೇ?

ಸಸಿ ನೆಟ್ಟರೆ ಫಸಲಿಗೆ ಐದಾರು ವರ್ಷ ಬೇಕು. ಲೆಕ್ಕ ಅವರಿಗೂ ಗೊತ್ತು. ಹಾಕಿಸುವುದೋ ಬೇಡವೋ, ಅವರನ್ನೇ ಕೇಳಿ.