ನೇಪಾಳದ ಆ ಸೇನೆ ಯಾರದಾಗಿತ್ತು?

2000ದ ಸೆಪ್ಟೆಂಬರ್‌ನ ಒಂದು ರಾತ್ರಿ ಸರ್ಕಾರದ ವಿರುದ್ಧ ಬಂಡಾಯ ಎದ್ದಿದ್ದ ಮಾವೋವಾದಿಗಳು ಡೋಲ್ಪಾ ಜಿಲ್ಲೆಯ ದುನೈಗೆ ನುಗ್ಗಿದರು. 14 ಪೊಲೀಸರು ಸತ್ತರು. ಹತ್ತಿರದಲ್ಲೇ ಸೇನೆಯ ತುಕಡಿ ಇತ್ತು, ಅದು ಹೊರಗೆ ಬರಲೇ ಇಲ್ಲ. ಗೃಹ ಸಚಿವ ಗೋವಿಂದರಾಜ್ ಜೋಶಿ ರಾಜೀನಾಮೆ ಕೊಟ್ಟರು. ಸೇನೆ ಯಾಕೆ ಬರಲಿಲ್ಲ ಅನ್ನೋ ಜಗಳ ಕಠ್ಮಂಡುವಿನಲ್ಲಿ ಜೋರಾಯಿತು.

1990ರಲ್ಲಿ ಪ್ರಜಾಪ್ರಭುತ್ವ ಬಂತು ನಿಜ, ಆದರೆ ಸೇನೆಯ ಪರಮಾಧಿಕಾರ ರಾಜನ ಕೈಯಲ್ಲೇ ಉಳಿಯಿತು. ಪ್ರಧಾನಿ ಬೇಕು ಅಂದ ತಕ್ಷಣ ಸೈನಿಕರು ಹೊರಡುವ ಹಾಗಿರಲಿಲ್ಲ. ಮರುವರ್ಷ ರೋಲ್ಪಾ ಜಿಲ್ಲೆಯ ಹೊಲೇರಿಯಲ್ಲಿ ಪೊಲೀಸರು ಮಾವೋವಾದಿಗಳ ಕೈಗೆ ಸೆರೆಯಾದಾಗ ಮತ್ತೆ ಅದೇ ಗೊಂದಲ, ಪ್ರಧಾನಿ ಗಿರಿಜಾ ಪ್ರಸಾದ್ ಕೊಯಿರಾಲಾ ಕುರ್ಚಿ ಬಿಟ್ಟರು.

ಈ ಜಗಳದಲ್ಲಿ ಎಲ್ಲರೂ ಮರೆತಿದ್ದು ಬಂಡಾಯ ಬೇರೂರಿದ ಬೆಟ್ಟದ ಜಿಲ್ಲೆಗಳಾದ ರೋಲ್ಪಾ, ರುಕುಮ್‌ನ ಜನರನ್ನು. ಅಲ್ಲಿ ಮಗರ್ ಸಮುದಾಯದವರೇ ಜಾಸ್ತಿ. 1854ರಲ್ಲಿ ಪ್ರಧಾನಿ ಜಂಗ್ ಬಹಾದೂರ್ ರಾಣಾ ತಂದ ಮುಲುಕಿ ಐನ್ ಎಂಬ ಕಾನೂನು ಸಂಹಿತೆ ಇಡೀ ದೇಶವನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿತ್ತು. ಮೇಲೆ ಜನಿವಾರದವರು, ಅವರ ಕೆಳಗೆ ಮದ್ಯ ಕುಡಿಯುವವರು ಅಂತ ಗುರುತಿಸಿದ ಮಗರ್, ಗುರುಂಗ್‌ರಂಥವರು, ಇನ್ನೂ ಕೆಳಗೆ ಗುಲಾಮರಾಗಿ ಮಾಡಬಹುದಾದವರು, ಕೊನೆಗೆ ಯಾರ ಕೈಯ ನೀರು ಮುಟ್ಟಬಾರದೋ ಆ ದಲಿತರು. ಒಂದೇ ತಪ್ಪಿಗೆ ಜಾತಿ ನೋಡಿ ಬೇರೆ ಬೇರೆ ಶಿಕ್ಷೆ. 1963ರಲ್ಲಿ ಹೊಸ ಕಾನೂನು ಬಂತು, ಆದರೆ ಬಾವಿ ಕಟ್ಟೆಯ ಮೇಲೆ, ಕಚೇರಿಯ ಕುರ್ಚಿಯಲ್ಲಿ ಹಳೆಯದೇ ನಡೀತಿತ್ತು.

ಹಾಗಂತ 1996ರ ಫೆಬ್ರವರಿಯಲ್ಲಿ ಶುರುವಾದ ಮಾವೋವಾದಿ ಬಂಡಾಯ ಬರೀ ಜಾತಿ ಯುದ್ಧ ಅಂದರೆ ನಾನು ಒಪ್ಪುವುದಿಲ್ಲ. ಅದರ ನಾಯಕರಾದ ಪ್ರಚಂಡ ಮತ್ತು ಬಾಬುರಾಮ್ ಭಟ್ಟರಾಯಿ ಇಬ್ಬರೂ ಬ್ರಾಹ್ಮಣರು, ಕಾಡಿನಲ್ಲಿ ಗುಂಡು ತಿಂದವರಲ್ಲಿ ಮಗರ್ ಮತ್ತು ದಲಿತ ಮಕ್ಕಳು ತುಂಬಾ ಜನ. ಎದುರಿಗಿದ್ದ ಸೇನೆಯೂ ಹಾಗೇ, ಮೇಲಿನ ಅಧಿಕಾರಿಗಳು ಹೆಚ್ಚಾಗಿ ಮೇಲ್ಜಾತಿಯ ಠಕುರಿ, ಛೇತ್ರಿ ಮನೆತನದವರು, ಕೆಳಗಿನ ಸಿಪಾಯಿಗಳಲ್ಲಿ ಮಗರ್, ಗುರುಂಗ್, ತಮಾಂಗ್ ಹುಡುಗರು. ಎರಡೂ ಕಡೆ ಸತ್ತವರು ಒಂದೇ ಬೆಟ್ಟದ ಮಕ್ಕಳು. ಇದೇ ನನಗೆ ಅತ್ಯಂತ ನೋವಿನ ವಿಷಯ. ಆ ಹುಡುಗರನ್ನು ಕಾಡಿಗೆ ತಳ್ಳಿದ್ದು ಬರೀ ಸಿದ್ಧಾಂತವಲ್ಲ. 1998ರ ಕಿಲೋ ಸೇರಾ ಟು ಪೊಲೀಸ್ ಕಾರ್ಯಾಚರಣೆಯಲ್ಲಿ ಹಳ್ಳಿಗಳು ಅನುಭವಿಸಿದ ಕೊಲೆ, ಬಂಧನ ಮಾವೋವಾದಿಗಳಿಗೆ ಜನ ಸಿಗುವಂತೆ ಮಾಡಿತು.

2001ರ ಜೂನ್‌ನಲ್ಲಿ ಅರಮನೆಯ ಹತ್ಯಾಕಾಂಡ. ರಾಜ ಬೀರೇಂದ್ರ ಹೋದರು, ಅವರ ತಮ್ಮ ಜ್ಞಾನೇಂದ್ರ ಸಿಂಹಾಸನಕ್ಕೆ ಬಂದರು. ನವೆಂಬರ್‌ನಲ್ಲಿ ಮಾವೋವಾದಿಗಳು ದಾಂಗ್‌ನ ಸೇನಾ ಬ್ಯಾರಕ್ ಮೇಲೆಯೇ ದಾಳಿ ಮಾಡಿದರು, ತುರ್ತು ಪರಿಸ್ಥಿತಿ ಘೋಷಣೆಯಾಯಿತು, ಅಷ್ಟು ದಿನ ಬ್ಯಾರಕ್‌ನಲ್ಲಿದ್ದ ಸೇನೆ ಪೂರ್ತಿ ಬೀದಿಗಿಳಿಯಿತು. ಬಂಡಾಯ ಮುಗಿಯುತ್ತೆ ಅಂದುಕೊಂಡಿದ್ದರು, ಆದರೆ ಸಾವು ಇನ್ನೂ ಜಾಸ್ತಿಯಾಯಿತು. 2003ರಲ್ಲಿ ಕಠ್ಮಂಡುವಿನ ಮಹಾರಾಜಗಂಜ್ ಬ್ಯಾರಕ್‌ನಿಂದ ಹತ್ತಾರು ಬಂದಿಗಳು ನಾಪತ್ತೆಯಾದರು. ಮಾವೋವಾದಿಗಳೂ ಕಮ್ಮಿ ಕ್ರೂರರಲ್ಲ, ಶಿಕ್ಷಕರನ್ನು ಕೊಂದರು, ಮಕ್ಕಳ ಕೈಗೆ ಬಂದೂಕು ಕೊಟ್ಟರು.

2006ರ ನವೆಂಬರ್‌ನಲ್ಲಿ ಶಾಂತಿ ಒಪ್ಪಂದವಾಗುವ ಹೊತ್ತಿಗೆ 13,000ಕ್ಕೂ ಹೆಚ್ಚು ಜನ ಸತ್ತಿದ್ದರು. ಸೇನೆಯ ಹೆಸರಿನಿಂದ 'ಶಾಹಿ', ಅಂದರೆ ರಾಜನದು ಎಂಬ ಪದ, ಹೋಯಿತು. 2009ರಲ್ಲಿ ಛತ್ರಮಾನ್ ಸಿಂಗ್ ಗುರುಂಗ್ ಸೇನಾ ಮುಖ್ಯಸ್ಥರಾದರು, ಮಗರ್, ಗುರುಂಗ್‌ರಂಥ ಜನಜಾತಿಗಳಿಂದ ಒಬ್ಬರು ಆ ಸ್ಥಾನಕ್ಕೆ ಬಂದದ್ದು ಅದೇ ಮೊದಲು. ಅದು ಸಣ್ಣ ವಿಷಯವಲ್ಲ.

ಆದರೆ ತನ್ನ ತಪ್ಪುಗಳಿಗೆ ಲೆಕ್ಕ ಕೊಡುವ ವಿಷಯದಲ್ಲಿ ಸೇನೆ ಬದಲಾಗಲಿಲ್ಲ. 2004ರಲ್ಲಿ ಕಾವ್ರೆ ಜಿಲ್ಲೆಯಲ್ಲಿ ಒಬ್ಬ ಮಹಿಳೆಯನ್ನು ಹುಡುಕಿ ಬಂದ ಸೈನಿಕರು, ಆಕೆ ಸಿಗದಿದ್ದಾಗ ಆಕೆಯ 15 ವರ್ಷದ ಮಗಳನ್ನು ಎಳೆದೊಯ್ದರು. ಬ್ಯಾರಕ್‌ನಲ್ಲಿ ಹಿಂಸೆ ತಾಳಲಾರದೆ ಹುಡುಗಿ ಸತ್ತಳು. 2017ರಲ್ಲಿ ಜಿಲ್ಲಾ ನ್ಯಾಯಾಲಯ ಮೂವರು ಅಧಿಕಾರಿಗಳಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ತೀರ್ಪು ಬಂದಾಗ ಆ ಮೂವರಲ್ಲಿ ಒಬ್ಬರೂ ನ್ಯಾಯಾಲಯದಲ್ಲಿರಲಿಲ್ಲ. ಆಮೇಲೆ ಸೇನೆ ಆ ತೀರ್ಪನ್ನೇ ರದ್ದು ಮಾಡಿ ಅಂತ ಸುಪ್ರೀಂ ಕೋರ್ಟ್‌ಗೆ ಹೋಯಿತು.